ಡೈಸರ್ ಇಲ್ಲದೆ ಕಾಂಡಕೋಶ ಉಳಿಯುತ್ತದೆ, ಭ್ರೂಣ ಉಳಿಯುವುದಿಲ್ಲ: ಪುಟ್ಟ ಆರ್‌ಎನ್‌ಎಗಳ ಈ ಕೆಲಸವನ್ನು ತರಗತಿಯಲ್ಲಿ ಹೇಗೆ ವಿವರಿಸಬೇಕು?

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕಿ, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ಬಿ.ಎಸ್ಸಿ. ತರಗತಿಗೆ ನಾನು ಭ್ರೂಣಶಾಸ್ತ್ರವನ್ನೂ ಆಣ್ವಿಕ ಜೀವಶಾಸ್ತ್ರವನ್ನೂ ಪಾಠ ಮಾಡುತ್ತಿದ್ದೇನೆ. ಜೀನುಗಳ ಸಂದೇಶವನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎಗಳಾದ ಮೈಕ್ರೋಆರ್‌ಎನ್‌ಎಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂದ ಮೇಲೆ ವಿದ್ಯಾರ್ಥಿಗಳು ಈ ವಿಷಯವನ್ನು ತಾವಾಗಿಯೇ ಕೇಳಲು ತೊಡಗಿದ್ದಾರೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಲಿನ್-4 ಎಂಬ ಪುಟ್ಟ ಆರ್‌ಎನ್‌ಎಯು ಲಿನ್-14 ಎಂಬ ಜೀನಿನ ಸಂದೇಶಕ್ಕೆ ಅಂಟಿಕೊಂಡು ಅದರ ಪ್ರೋಟೀನನ್ನು ತಗ್ಗಿಸುತ್ತದೆ ಎಂದು ತಿಳಿದುಬಂದದ್ದನ್ನು ಹೇಳುವುದು ಸುಲಭ. ಹುಳುವನ್ನು ಬಿಟ್ಟು ಸಸ್ತನಿಯ ಭ್ರೂಣಕ್ಕೆ ಬಂದಾಗ ಮಾತ್ರ ವಿವರಣೆ ನನ್ನ ಕೈಯಲ್ಲಿ ನಿಲ್ಲುತ್ತಿಲ್ಲ.

ಮೈಕ್ರೋಆರ್‌ಎನ್‌ಎಗಳನ್ನು ಅಂತಿಮ ಅಳತೆಗೆ ಕತ್ತರಿಸುವ ಡೈಸರ್ ಎಂಬ ಕಿಣ್ವದ ಜೀನನ್ನು ಇಲಿಯಲ್ಲಿ ತೆಗೆದುಹಾಕಿದರೆ ಭ್ರೂಣವು ಸುಮಾರು ಏಳೂವರೆ ದಿನಕ್ಕೆ ಸಾಯುತ್ತದೆ, ಮತ್ತು ಆ ಭ್ರೂಣದಲ್ಲಿ ಬೇರೆ ಬೇರೆ ಅಂಗಾಂಶಗಳಾಗಿ ಬದಲಾಗಬಲ್ಲ ಕಾಂಡಕೋಶಗಳು ಬರಿದಾಗಿರುತ್ತವೆ ಎಂದು 2003ರ ಪ್ರಯೋಗ ಹೇಳುತ್ತದೆ. ಅಂದರೆ ಕಾಂಡಕೋಶವನ್ನು ಉಳಿಸುವುದಕ್ಕೆ ಮೈಕ್ರೋಆರ್‌ಎನ್‌ಎ ಬೇಕು ಎಂದಾಯಿತು. ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯುತ್ತಿರುವ ಭ್ರೂಣ ಕಾಂಡಕೋಶಗಳಿಂದ ಅದೇ ಡೈಸರನ್ನು ತೆಗೆದಾಗ ಅವು ಬದುಕುತ್ತವೆ, ನಿಧಾನವಾಗಿ ವಿಭಜನೆಯಾಗುತ್ತವೆ, ಮತ್ತು ಬೇರೆ ಅಂಗಾಂಶವಾಗಿ ಬದಲಾಗಲು ಆಗದೆ ಕಾಂಡಕೋಶಗಳಾಗಿಯೇ ಉಳಿದುಬಿಡುತ್ತವೆ. ಹಾಗಾದರೆ ಕಾಂಡಕೋಶದ ಸ್ಥಿತಿಯಿಂದ ಹೊರಬರುವುದಕ್ಕೇ ಮೈಕ್ರೋಆರ್‌ಎನ್‌ಎ ಬೇಕು ಎಂದು ಹೇಳಬೇಕಾಗುತ್ತದೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಈ ಎರಡರಲ್ಲಿ ಯಾವುದನ್ನು ಪರೀಕ್ಷೆಯಲ್ಲಿ ಬರೆಯಬೇಕು ಎಂದು ಕೇಳಿದಳು. ಅವಳ ಪ್ರಶ್ನೆ ಪರೀಕ್ಷೆಗಿಂತ ದೊಡ್ಡದು ಎಂದು ನನಗೆ ಅನ್ನಿಸಿತು.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಒಂದು ಮೈಕ್ರೋಆರ್‌ಎನ್‌ಎಯು ತನ್ನ ಗುರಿಯ ಪ್ರೋಟೀನನ್ನು ಪೂರ್ತಿ ಅಳಿಸುವುದಿಲ್ಲ, ಬಹಳ ಸಂದರ್ಭಗಳಲ್ಲಿ ಅರ್ಧದಷ್ಟೂ ಇಳಿಸುವುದಿಲ್ಲ ಎಂದು ಓದಿದ್ದೇನೆ. ಇಷ್ಟು ಸೌಮ್ಯವಾದ ನಿಯಂತ್ರಣದ ಮೇಲೆ ಇಡೀ ಭ್ರೂಣದ ಹಣೆಬರಹ ಹೇಗೆ ನಿಲ್ಲುತ್ತದೆ? ನಮ್ಮ ಮಕ್ಕಳಲ್ಲಿ ಹಲವರು ಹೊಸನಗರ, ಸೊರಬದ ಕಡೆಯ ಹಳ್ಳಿಗಳಿಂದ ಬರುವವರು, ಮನೆಯಲ್ಲಿ ಮಲೆನಾಡು ಗಿಡ್ಡ ಹಸುಗಳನ್ನು ನೋಡಿಕೊಂಡು ಬೆಳೆದವರು. ಇಲಿಯ ಭ್ರೂಣದಲ್ಲಿ ಕಂಡದ್ದು ನಮ್ಮ ಹಸುವಿನ ಗರ್ಭಕ್ಕೂ ಅನ್ವಯಿಸುತ್ತದೆಯೇ ಎಂಬುದು ಅವರ ಸಹಜವಾದ ಪ್ರಶ್ನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬೆಳವಣಿಗೆಯ ಜೀವವಿಜ್ಞಾನದ ಸಂಶೋಧಕ, ಊರು ತೀರ್ಥಹಳ್ಳಿ, ಈಗ ಬೆಂಗಳೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಈ ಕ್ಷೇತ್ರದವರು ಹಲವು ವರ್ಷ ಚರ್ಚಿಸಿದ ಪ್ರಶ್ನೆಯೇ ಆಗಿದೆ. ಎರಡೂ ಉತ್ತರಗಳು ಸರಿ, ಆದರೆ ಅವು ಏಕೆ ಸರಿ ಎಂಬುದು ಮೈಕ್ರೋಆರ್‌ಎನ್‌ಎಗಳನ್ನು ಒಂದೇ ಗುಂಪು ಎಂದು ಭಾವಿಸುತ್ತಿರುವಷ್ಟು ಕಾಲ ಅರ್ಥವಾಗುವುದಿಲ್ಲ. ಡೈಸರನ್ನು ತೆಗೆದಾಗ ಒಂದು ಮೈಕ್ರೋಆರ್‌ಎನ್‌ಎ ಹೋಗುವುದಲ್ಲ, ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುವ ನೂರಾರು ಮೈಕ್ರೋಆರ್‌ಎನ್‌ಎಗಳು ಒಟ್ಟಿಗೇ ಹೋಗುತ್ತವೆ.

ತಯಾರಿಯ ಹಾದಿಯನ್ನು ಮೊದಲು ಚುಟುಕಾಗಿ ನೆನಪಿಸಿಕೊಳ್ಳುವುದು ಒಳ್ಳೆಯದು. ಕೋಶಕೇಂದ್ರದಲ್ಲಿ ಉದ್ದವಾದ ಮೂಲ ಆರ್‌ಎನ್‌ಎ ತಯಾರಾಗುತ್ತದೆ, ಡ್ರೋಷಾ ಎಂಬ ಕಿಣ್ವ ತನ್ನ ಜೊತೆಗಾರ ಡಿಜಿಸಿಆರ್8 ಪ್ರೋಟೀನಿನೊಂದಿಗೆ ಸೇರಿ ಅದನ್ನು ಸುಮಾರು 60ರಿಂದ 70 ನ್ಯೂಕ್ಲಿಯೋಟೈಡ್ ಉದ್ದದ, ಮಡಚಿಕೊಂಡ ತುಂಡಾಗಿ ಕತ್ತರಿಸುತ್ತದೆ. ಅದು ಕೋಶರಸಕ್ಕೆ ಬಂದ ಮೇಲೆ ಡೈಸರ್ ಅದನ್ನು ಮತ್ತೆ ಕತ್ತರಿಸಿ ಸುಮಾರು 22 ನ್ಯೂಕ್ಲಿಯೋಟೈಡುಗಳ ಎಳೆಯನ್ನು ಕೊಡುತ್ತದೆ. ಆ ಎಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನು ಹಿಡಿದುಕೊಂಡು, ಎಳೆಯ ಎರಡರಿಂದ ಎಂಟನೆಯ ಸ್ಥಾನದವರೆಗಿನ ಅಕ್ಷರಗಳಿಗೆ ಹೊಂದುವ ಜಾಗವನ್ನು ಸಂದೇಶವಾಹಕ ಆರ್‌ಎನ್‌ಎಗಳಲ್ಲಿ ಹುಡುಕುತ್ತದೆ. ಈ ಏಳು ಅಕ್ಷರಗಳ ಭಾಗಕ್ಕೆ ಬೀಜಭಾಗ ಎಂದು ಹೆಸರು. ಒಂದೇ ಬೀಜಭಾಗವಿರುವ ಮೈಕ್ರೋಆರ್‌ಎನ್‌ಎಗಳು ಬಹುಮಟ್ಟಿಗೆ ಒಂದೇ ಗುರಿಗಳನ್ನು ಹಿಡಿಯುತ್ತವೆ, ಆದ್ದರಿಂದ ಅವನ್ನು ಒಂದು ಕುಟುಂಬವೆಂದು ಎಣಿಸುತ್ತೇವೆ.

ಇಲಿಯ ಭ್ರೂಣ ಕಾಂಡಕೋಶಗಳಲ್ಲಿರುವ ಮೈಕ್ರೋಆರ್‌ಎನ್‌ಎಗಳಲ್ಲಿ ದೊಡ್ಡ ಪಾಲು ಮಿರ್-290ರಿಂದ ಮಿರ್-295ರವರೆಗಿನ ಗೊಂಚಲಿನದು (ಮಿರ್ ಎಂದರೆ ಮೈಕ್ರೋಆರ್‌ಎನ್‌ಎ, ಗೊಂಚಲು ಎಂದರೆ ಡಿಎನ್‌ಎಯಲ್ಲಿ ಅಕ್ಕಪಕ್ಕ ಇರುವವುಗಳ ಗುಂಪು). ಮಾನವನಲ್ಲಿ ಇದಕ್ಕೆ ಸಮನಾದದ್ದು ಮಿರ್-371ರಿಂದ 373ರವರೆಗಿನ ಗೊಂಚಲು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ನಂತರದ ಹಂತದ ಕೋಶಗಳಲ್ಲಿ, ಹಾಗೆಯೇ ಮಾನವ ಭ್ರೂಣ ಕಾಂಡಕೋಶಗಳಲ್ಲಿ, ಮಿರ್-302 ಗೊಂಚಲು ಎದ್ದು ಕಾಣುತ್ತದೆ. ಈ ಎರಡೂ ಗೊಂಚಲುಗಳ ಪ್ರಮುಖ ಸದಸ್ಯರಿಗೆ ಒಂದೇ ಬೀಜಭಾಗವಿದೆ. ಕಾಂಡಕೋಶದ ಗುರುತನ್ನು ಕಾಪಾಡುವ ಆಕ್ಟ್4, ಸಾಕ್ಸ್2, ನ್ಯಾನಾಗ್ ಎಂಬ ಪ್ರೋಟೀನುಗಳು ನೇರವಾಗಿ ಮಿರ್-290 ಗೊಂಚಲಿನ ಆರಂಭಭಾಗಕ್ಕೆ ಬಂದು ಕೂರುತ್ತವೆ ಎಂದು 2008ರಲ್ಲಿ ತೋರಿಸಲಾಯಿತು. ಅಂದರೆ ಗುರುತನ್ನು ಬರೆಯುವ ಪ್ರೋಟೀನುಗಳೇ ಈ ಪುಟ್ಟ ಆರ್‌ಎನ್‌ಎಗಳನ್ನು ಕೆಲಸಕ್ಕೆ ಹಚ್ಚುತ್ತವೆ.

ಇವುಗಳ ಕೆಲಸವನ್ನು ಬಿಡಿಸಿ ತೋರಿಸಿದ್ದು ಡಿಜಿಸಿಆರ್8 ಇಲ್ಲದ ಕಾಂಡಕೋಶಗಳು. 2007ರಲ್ಲಿ ರಾಬರ್ಟ್ ಬ್ಲೆಲೋಕ್ ಅವರ ತಂಡ ಇಂಥ ಕೋಶಗಳನ್ನು ತಯಾರಿಸಿದಾಗ ಅವು ವಿಭಜನಾಚಕ್ರದ ಜಿ1 ಹಂತದಲ್ಲಿ, ಎಂದರೆ ಡಿಎನ್‌ಎ ನಕಲಾಗುವುದಕ್ಕೆ ಮುಂಚಿನ ಹಂತದಲ್ಲಿ, ಗುಂಪುಗೂಡುತ್ತಿದ್ದವು. ಸಹಜ ಭ್ರೂಣ ಕಾಂಡಕೋಶದಲ್ಲಿ ಜಿ1 ಬಹಳ ಚಿಕ್ಕದು. ಮರುವರ್ಷ ಅದೇ ತಂಡ, ಒಂದೊಂದೇ ಮೈಕ್ರೋಆರ್‌ಎನ್‌ಎಯನ್ನು ಆ ಕೋಶಗಳಿಗೆ ಮರಳಿ ಸೇರಿಸಿ ನೋಡಿತು. ಮಿರ್-290 ಕುಟುಂಬದ ಸದಸ್ಯರನ್ನು ಕೊಟ್ಟಾಗ ವಿಭಜನೆಯ ವೇಗ ಮರಳಿತು. ವಿಭಜನೆಗೆ ತಡೆ ಹಾಕುವ ಪಿ21, ಲ್ಯಾಟ್ಸ್2, ಆರ್‌ಬಿಎಲ್2 ಮೊದಲಾದ ಪ್ರೋಟೀನುಗಳ ಸಂದೇಶಗಳನ್ನು ಈ ಕುಟುಂಬ ತಗ್ಗಿಸುತ್ತಿತ್ತು. ಕಾಂಡಕೋಶವನ್ನು ಉಳಿಸುವ ಬದಿಯ ಸಾಕ್ಷ್ಯ ಇದು.

ಇನ್ನು ಹೊರಬರುವ ಬದಿ. 2000ದಲ್ಲಿ ರವ್ಕುನ್ ಅವರ ಪ್ರಯೋಗಶಾಲೆ ಹುಳುವಿನಲ್ಲಿ ಗುರುತಿಸಿದ ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಹುಳುವಿನಿಂದ ಮಾನವನವರೆಗೆ ಬಹುತೇಕ ಒಂದೇ ರೂಪದಲ್ಲಿದೆ. ಪಕ್ವವಾದ ಅಂಗಾಂಶಗಳಲ್ಲಿ ಅದು ಹೇರಳ, ಭ್ರೂಣ ಕಾಂಡಕೋಶದಲ್ಲಿ ಬಹಳ ಕಡಿಮೆ. ವಿಚಿತ್ರವೆಂದರೆ ಕಾಂಡಕೋಶದಲ್ಲಿಯೂ ಲೆಟ್-7ರ ಮೂಲ ಆರ್‌ಎನ್‌ಎ ತಯಾರಾಗುತ್ತಲೇ ಇರುತ್ತದೆ. ಅದು ಪಕ್ವವಾಗದಂತೆ ಲಿನ್28 ಎಂಬ ಪ್ರೋಟೀನು ತಡೆದು ನಿಲ್ಲಿಸುತ್ತದೆ ಎಂಬುದು 2008ರಲ್ಲಿ ತಿಳಿಯಿತು. ಕೋಶ ಬದಲಾಗಲು ಹೊರಟಾಗ ಲಿನ್28 ಇಳಿಯುತ್ತದೆ, ಲೆಟ್-7 ಏರುತ್ತದೆ, ಏರಿದ ಲೆಟ್-7 ಲಿನ್28ರ ಸಂದೇಶವನ್ನೇ ಹಿಡಿದು ಮತ್ತಷ್ಟು ಇಳಿಸುತ್ತದೆ. ಹೀಗೆ ಒಮ್ಮೆ ಬಾಗಿದ ಸ್ಥಿತಿ ಹಿಂದಕ್ಕೆ ವಾಲದಂತೆ ಗಟ್ಟಿಯಾಗುತ್ತದೆ. 2010ರ ಒಂದು ಪ್ರಯೋಗ ಈ ಎರಡು ಕುಟುಂಬಗಳನ್ನು ಎದುರುಬದುರು ನಿಲ್ಲಿಸಿತು. ಡಿಜಿಸಿಆರ್8 ಇಲ್ಲದ ಕಾಂಡಕೋಶಕ್ಕೆ ಲೆಟ್-7 ಒಂದನ್ನೇ ಕೊಟ್ಟರೆ ಅದು ಕಾಂಡಕೋಶದ ಗುರುತನ್ನು ಕಳೆದುಕೊಳ್ಳುತ್ತದೆ, ಜೊತೆಗೆ ಮಿರ್-290 ಗೊಂಚಲಿನ ಮಿರ್-294ನ್ನೂ ಕೊಟ್ಟರೆ ಗುರುತು ಉಳಿಯುತ್ತದೆ. ಸಹಜ ಕಾಂಡಕೋಶಕ್ಕೆ ಲೆಟ್-7 ಕೊಟ್ಟರೂ ಅದು ಅಲುಗುವುದಿಲ್ಲ, ಏಕೆಂದರೆ ಅಲ್ಲಿ ಮಿರ್-290 ಕುಟುಂಬ ಈಗಾಗಲೇ ಇದೆ.

ಡೈಸರ್ ಇಲ್ಲದ ಕೋಶ ತಟ್ಟೆಯಲ್ಲಿ ಕಾಂಡಕೋಶವಾಗಿಯೇ ಸಿಕ್ಕಿಬೀಳುವುದಕ್ಕೆ ಒಂದು ಕಾರಣ ಈಗ ಕಾಣುತ್ತದೆ: ಅದನ್ನು ಹೊರಕ್ಕೆ ತಳ್ಳಬೇಕಾದ ಲೆಟ್-7 ಕುಟುಂಬವೂ ಅಲ್ಲಿಲ್ಲ. ಎರಡನೆಯ ಕಾರಣ ನನಗೆ ಹೆಚ್ಚು ಆಳವಾದದ್ದಾಗಿ ಕಾಣುತ್ತದೆ. ಕೋಶವು ಆಕ್ಟ್4 ಜೀನನ್ನು ಕೊನೆಗೂ ಮುಚ್ಚಬೇಕಾದರೆ ಅದರ ಡಿಎನ್‌ಎಗೆ ಮೀಥೈಲ್ ಗುರುತುಗಳು ಬೀಳಬೇಕು. ಆ ಗುರುತು ಹಾಕುವ ಕಿಣ್ವಗಳ ಜೀನುಗಳನ್ನು ಆರ್‌ಬಿಎಲ್2 ಪ್ರೋಟೀನು ಅದುಮಿಡುತ್ತದೆ, ಮಿರ್-290 ಕುಟುಂಬ ಆರ್‌ಬಿಎಲ್2ನ್ನು ಅದುಮಿಡುತ್ತದೆ. ಡೈಸರ್ ಹೋದಾಗ ಆರ್‌ಬಿಎಲ್2 ಏರಿ, ಗುರುತು ಹಾಕುವ ಕಿಣ್ವಗಳು ಇಳಿದು, ಆಕ್ಟ್4 ಜೀನು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಕಾಂಡಕೋಶವನ್ನು ವೇಗವಾಗಿ ಓಡಿಸುವ ಕುಟುಂಬವೇ ಅದು ಮುಂದೆ ಹೊರಬರುವುದಕ್ಕೆ ಬೇಕಾದ ಸಲಕರಣೆಯನ್ನೂ ಸಿದ್ಧವಾಗಿಟ್ಟಿರುತ್ತದೆ. ಆದ್ದರಿಂದ ನಿಮ್ಮ ವಿದ್ಯಾರ್ಥಿನಿ ಬರೆಯಬೇಕಾದ್ದು ಇಷ್ಟು: ಮೈಕ್ರೋಆರ್‌ಎನ್‌ಎಗಳು ಕಾಂಡಕೋಶದ ಗುರುತನ್ನು ಹುಟ್ಟಿಸುವುದಿಲ್ಲ, ಕೋಶವು ಒಂದು ಸ್ಥಿತಿಯಲ್ಲಿ ದೃಢವಾಗಿ ನಿಲ್ಲುವುದಕ್ಕೂ ಅಲ್ಲಿಂದ ಇನ್ನೊಂದಕ್ಕೆ ಪೂರ್ತಿಯಾಗಿ ದಾಟುವುದಕ್ಕೂ ಅವು ಬೇಕು.

ಹಾಗಾದರೆ ತಟ್ಟೆಯಲ್ಲಿ ಬದುಕುವ ಕೋಶ ಭ್ರೂಣದಲ್ಲಿ ಏಕೆ ಬರಿದಾಗುತ್ತದೆ? ತಟ್ಟೆಯಲ್ಲಿ ಸಂಶೋಧಕರು ಪೋಷಕಾಂಶಗಳನ್ನೂ ಕಾಂಡಕೋಶದ ಸ್ಥಿತಿಯನ್ನು ಕಾಯುವ ಸಂಕೇತಗಳನ್ನೂ ಒದಗಿಸುತ್ತಲೇ ಇರುತ್ತಾರೆ. ಭ್ರೂಣದಲ್ಲಾದರೋ ಸಮಯ ಯಾರಿಗೂ ಕಾಯುವುದಿಲ್ಲ. ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಕೋಶಗಳು ಸಾವಿನ ಅಂಚಿಗೆ ಹತ್ತಿರವಾಗಿರುತ್ತವೆ, ಸಣ್ಣ ಒತ್ತಡಕ್ಕೂ ತಮ್ಮನ್ನು ತಾವು ನಾಶಪಡಿಸಿಕೊಳ್ಳುತ್ತವೆ. ಆ ಹಂತದಲ್ಲಿ ಬಿಮ್ ಎಂಬ ಸಾವಿನ ಪ್ರೋಟೀನನ್ನು ಮಿರ್-20, ಮಿರ್-92, ಮಿರ್-302 ಕುಟುಂಬಗಳು ತಗ್ಗಿಸಿ ಇಟ್ಟಿರುತ್ತವೆ ಎಂದು 2014ರಲ್ಲಿ ತೋರಿಸಲಾಗಿದೆ. ಇದಲ್ಲದೆ ಮಾಸನ್ನು ಕಟ್ಟುವ ಹೊರಪದರದ ಕಾಂಡಕೋಶಗಳಿಗೂ ಮೈಕ್ರೋಆರ್‌ಎನ್‌ಎಗಳು ಬೇಕು, ಮತ್ತು ಅವು ಇನ್ನೂ ಬೇಗನೆ ಸೋಲುತ್ತವೆ. ಮಾಸು ಸೋತರೆ ಒಳಗಿನ ಭ್ರೂಣಕ್ಕೆ ಉಳಿಗಾಲವಿಲ್ಲ.

ಸೌಮ್ಯ ನಿಯಂತ್ರಣದ ಬಗ್ಗೆ ನೀವು ಓದಿದ್ದು ನಿಜ. 2008ರಲ್ಲಿ ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೇ ಅಳೆದ ಎರಡು ಅಧ್ಯಯನಗಳು, ಒಂದು ಮೈಕ್ರೋಆರ್‌ಎನ್‌ಎ ಬಹುತೇಕ ಗುರಿಗಳನ್ನು ಅರ್ಧಕ್ಕಿಂತ ಕಡಿಮೆ ಪ್ರಮಾಣದಲ್ಲಷ್ಟೇ ಇಳಿಸುತ್ತದೆ ಎಂದು ತೋರಿಸಿದವು. ಅದರ ಬಲ ಇರುವುದು ನೂರಾರು ಗುರಿಗಳನ್ನು ಒಂದೇ ದಿಕ್ಕಿಗೆ ಒಮ್ಮೆಗೇ ಸ್ವಲ್ಪ ಸ್ವಲ್ಪ ತಳ್ಳುವುದರಲ್ಲಿ. ವಿಭಜನಾಚಕ್ರದಂಥ ವ್ಯವಸ್ಥೆ ಒಂದು ಮಿತಿಯ ಈಚೆ ನಿಂತಿರುತ್ತದೆ, ಮಿತಿ ದಾಟಿದರೆ ಮುಂದಿನ ಹಂತಕ್ಕೆ ಹೋಗಿಬಿಡುತ್ತದೆ. ಅಂಥ ಮಿತಿಯ ಬಳಿ ಹಲವು ತಡೆಗಳನ್ನು ಒಟ್ಟಿಗೆ ಮೂರನೆಯ ಒಂದು ಪಾಲಿನಷ್ಟು ಇಳಿಸುವುದು, ಒಂದೇ ತಡೆಯನ್ನು ಪೂರ್ತಿ ತೆಗೆಯುವುದಕ್ಕಿಂತ ಹೆಚ್ಚು ಪರಿಣಾಮಕಾರಿಯಾಗಬಹುದು. ಮಿರ್-290 ಗೊಂಚಲನ್ನು ಪೂರ್ತಿ ತೆಗೆದ ಇಲಿಗಳಲ್ಲಿ ಎಲ್ಲ ಭ್ರೂಣಗಳೂ ಸಾಯುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ಕೆಲವು ಸಾಯುತ್ತವೆ, ಕೆಲವು ಹುಟ್ಟುತ್ತವೆ, ಹುಟ್ಟಿದ ಹೆಣ್ಣಿಲಿಗಳು ಬೀಜಕೋಶಗಳನ್ನು ಕಳೆದುಕೊಂಡು ಬಂಜೆಯಾಗಿರುತ್ತವೆ. ಒಂದೇ ಗೊಂಚಲಿನ ಕೊರತೆ ಒಂದು ಭ್ರೂಣವನ್ನು ಕೊಂದು ಅದರ ಒಡಹುಟ್ಟನ್ನು ಬಿಟ್ಟುಕೊಡುವುದು, ನಿಯಂತ್ರಣ ಸೌಮ್ಯವಾಗಿದೆ ಮತ್ತು ಅಂಚಿನಲ್ಲಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ನನಗೆ ತಿಳಿದಂತೆ ಒಳ್ಳೆಯ ನಿದರ್ಶನ.

ಉತ್ತರ 2: ಪಶುವೈದ್ಯ, ಶಿವಮೊಗ್ಗ

ಹಸುವಿನ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಇಲಿಯ ಭ್ರೂಣದ ವೇಳಾಪಟ್ಟಿ ಮತ್ತು ಹಸುವಿನ ಭ್ರೂಣದ ವೇಳಾಪಟ್ಟಿ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು. ಮೊದಲ ವಿಭಜನೆಗಳನ್ನು ಎಲ್ಲ ಸಸ್ತನಿ ಭ್ರೂಣಗಳೂ ತಾಯಿಯ ಅಂಡಾಣು ತುಂಬಿಟ್ಟ ಸಂದೇಶಗಳ ಮೇಲೆಯೇ ನಡೆಸುತ್ತವೆ. ಭ್ರೂಣ ತನ್ನದೇ ಜೀನುಗಳನ್ನು ದೊಡ್ಡ ಪ್ರಮಾಣದಲ್ಲಿ ಓದಲು ತೊಡಗುವುದು ಇಲಿಯಲ್ಲಿ ಎರಡು ಕೋಶಗಳಿರುವಾಗ, ಮಾನವನಲ್ಲಿ ನಾಲ್ಕರಿಂದ ಎಂಟು ಕೋಶಗಳಿರುವಾಗ, ಹಸುವಿನಲ್ಲಿ ಎಂಟರಿಂದ ಹದಿನಾರು ಕೋಶಗಳಿರುವಾಗ. ಒಳಗೆ ಕಾಂಡಕೋಶಗಳ ಗುಂಪು, ಹೊರಗೆ ಮಾಸಿನ ಮೂಲಪದರ ಇರುವ ಬ್ಲಾಸ್ಟೋಸಿಸ್ಟ್ ಇಲಿಯಲ್ಲಿ ಮೂರೂವರೆ ದಿನಕ್ಕೆ ಸಿದ್ಧವಾದರೆ ಹಸುವಿನಲ್ಲಿ ಏಳೆಂಟು ದಿನ ಬೇಕು. ಅನಂತರ ಇಲಿಯ ಭ್ರೂಣ ಬೇಗನೆ ಗರ್ಭಕೋಶದೊಳಕ್ಕೆ ಹೂತುಕೊಳ್ಳುತ್ತದೆ, ಹಸುವಿನದು ಹಾಗಲ್ಲ. ಅದು ಉದ್ದನೆಯ ಎಳೆಯಂತೆ ಬೆಳೆಯುತ್ತ ಗರ್ಭಕೋಶದಲ್ಲಿ ಬಿಡಿಯಾಗಿಯೇ ಇದ್ದು, ಸುಮಾರು ಹದಿನಾರನೆಯ ದಿನ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ತಾನು ಇರುವುದನ್ನು ತಾಯಿಯ ದೇಹಕ್ಕೆ ತಿಳಿಸುತ್ತದೆ, ಅಂಟಿಕೊಳ್ಳುವುದು ಅದಾದ ಮೇಲೆ.

ನಮ್ಮ ರೈತರ ಅನುಭವಕ್ಕೆ ಇದು ನೇರವಾಗಿ ತಾಗುತ್ತದೆ. ಬೆದೆಗೆ ಬಂದ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ, ಮೂರು ವಾರಕ್ಕೆ ಅದು ಮತ್ತೆ ಬೆದೆಗೆ ಬಂದರೆ, ಗಬ್ಬ ನಿಲ್ಲಲಿಲ್ಲ ಎಂದು ಮನೆಯವರು ಹೇಳುತ್ತಾರೆ. ಎಷ್ಟೋ ಸಲ ಫಲೀಕರಣ ಆಗಿರುತ್ತದೆ, ಭ್ರೂಣ ಮೊದಲ ಎರಡು ವಾರದೊಳಗೆ ಸತ್ತಿರುತ್ತದೆ, ಅಷ್ಟರಲ್ಲಿ ತಾಯಿಗೆ ಅದರ ಸೂಚನೆ ತಲುಪಿರುವುದಿಲ್ಲ. ಇದಕ್ಕೆ ಆಹಾರದ ಕೊರತೆ, ಬಿಸಿಲಿನ ತಾಪ, ಗರ್ಭಕೋಶದ ಸೋಂಕು, ತಪ್ಪಿದ ಸಮಯ ಹೀಗೆ ಕಾರಣಗಳು ಹಲವು. ಪುಟ್ಟ ಆರ್‌ಎನ್‌ಎಗಳ ಏರುಪೇರು ಇವುಗಳ ನಡುವೆ ಎಲ್ಲಿ ಕೂರುತ್ತದೆ ಎಂಬುದು ಈಗ ಸಂಶೋಧನೆಯ ವಸ್ತು.

ಹಸುವಿನ ಭ್ರೂಣಗಳಲ್ಲಿ ಈ ವಿಷಯವಾಗಿ ನಡೆದ ಕೆಲಸಗಳಲ್ಲಿ ನನ್ನ ಗಮನ ಸೆಳೆದದ್ದು ಒಂದು. ಪ್ರಯೋಗಶಾಲೆಯಲ್ಲಿ ಬೆಳೆಸುವ ಹಸುವಿನ ಭ್ರೂಣಗಳು ತಮ್ಮ ಸುತ್ತಲಿನ ಪೋಷಕದ್ರವಕ್ಕೆ ಮೈಕ್ರೋಆರ್‌ಎನ್‌ಎಗಳನ್ನು ಬಿಡುತ್ತವೆ. ಬೆಳವಣಿಗೆ ನಿಂತುಹೋದ ಭ್ರೂಣಗಳ ದ್ರವದಲ್ಲಿ ಮಿರ್-24 ಹೆಚ್ಚಾಗಿ ಕಂಡಿತು, ಅದನ್ನು ಆರೋಗ್ಯವಂತ ಭ್ರೂಣಗಳ ದ್ರವಕ್ಕೆ ಸೇರಿಸಿದಾಗ ಬ್ಲಾಸ್ಟೋಸಿಸ್ಟ್ ಹಂತ ತಲುಪುವವುಗಳ ಸಂಖ್ಯೆ ಇಳಿಯಿತು. ಭ್ರೂಣವನ್ನು ಚುಚ್ಚದೆ, ಒಂದು ಕೋಶವನ್ನೂ ತೆಗೆಯದೆ, ಅದು ಬೆಳೆದ ದ್ರವವನ್ನಷ್ಟೇ ಪರೀಕ್ಷಿಸಿ ಯಾವ ಭ್ರೂಣವನ್ನು ವರ್ಗಾವಣೆಗೆ ಆರಿಸಬೇಕೆಂದು ತೀರ್ಮಾನಿಸುವ ಸಾಧ್ಯತೆ ಇದರಲ್ಲಿದೆ. ಭ್ರೂಣ ವರ್ಗಾವಣೆ ಮಾಡುವವರಿಗೆ ಇದು ದೊಡ್ಡ ಆಸೆ, ಆದರೆ ಹಳ್ಳಿಯ ಕೊಟ್ಟಿಗೆಯವರೆಗೆ ಬಂದ ಪರೀಕ್ಷೆಯಲ್ಲ. ಯಾರಾದರೂ ರೈತರಿಗೆ ಇಂಥದನ್ನು ಸಿದ್ಧ ಪರೀಕ್ಷೆ ಎಂದು ಮಾರಲು ಬಂದರೆ ನಂಬಬಾರದು ಎಂದು ಖಂಡಿತವಾಗಿ ಹೇಳುತ್ತೇನೆ.

ಮಲೆನಾಡು ಗಿಡ್ಡದ ವಿಚಾರಕ್ಕೆ ಬಂದರೆ, ಕಡಿಮೆ ಮೇವಿನಲ್ಲಿ, ಜಡಿಮಳೆಯಲ್ಲಿ ಬಾಳುವ ಈ ಕುಳ್ಳ ತಳಿಯನ್ನು ಉಳಿಸಿಕೊಳ್ಳುವುದಕ್ಕೆ ವೀರ್ಯವನ್ನು ಶೀತಲೀಕರಿಸಿ ಇಡುವುದಷ್ಟೇ ಸಾಲದು, ಭ್ರೂಣಗಳನ್ನೂ ಕಾಂಡಕೋಶಗಳನ್ನೂ ಕಾಯ್ದಿಡುವ ದಾರಿ ತೆರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಸುವಿನ ಭ್ರೂಣ ಕಾಂಡಕೋಶಗಳನ್ನು ಸ್ಥಿರವಾಗಿ ಬೆಳೆಸುವ ವಿಧಾನ ಬಂದದ್ದೇ 2018ರಲ್ಲಿ, ಇಲಿಯಲ್ಲಿ ಅದು ಸಾಧ್ಯವಾಗಿ 37 ವರ್ಷಗಳ ಮೇಲೆ. ಆ ವಿಳಂಬವೇ ಒಂದು ಪ್ರಾಣಿಯ ಪಾಕ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದನ್ನು ತೋರಿಸುತ್ತದೆ.

ಉತ್ತರ 3: ಎಂ.ಎಸ್ಸಿ. ವಿದ್ಯಾರ್ಥಿ, ಶಂಕರಘಟ್ಟ

ಇಬ್ಬರಿಗೂ ಧನ್ಯವಾದಗಳು ಸರ್. ಮೊದಲ ಉತ್ತರ ಓದಿದ ಮೇಲೆ ನನಗೆ ಒಂದು ಸಂದೇಹ ಉಳಿದಿದೆ. ಇಲಿಯ ಅಂಡಾಣುವಿನಿಂದ ಡೈಸರನ್ನು ತೆಗೆದರೆ ಅಂಡಾಣುವಿನಲ್ಲಿ ವರ್ಣತಂತುಗಳನ್ನು ಬೇರ್ಪಡಿಸುವ ವಿಭಜನೆಯ ಕದಿರು ಕೆಟ್ಟು ಅದು ಪಕ್ವವಾಗುವುದಿಲ್ಲ, ಆದರೆ ಡಿಜಿಸಿಆರ್8ನ್ನು ತೆಗೆದರೆ ಏನೂ ಆಗುವುದಿಲ್ಲ, ಅಂಥ ಅಂಡಾಣು ಫಲಿತವಾಗಿ ಮರಿಯೂ ಹುಟ್ಟುತ್ತದೆ ಎಂದು 2010ರ ಎರಡು ಪ್ರಬಂಧಗಳಲ್ಲಿ ಓದಿದ್ದೇನೆ. ಮೈಕ್ರೋಆರ್‌ಎನ್‌ಎ ತಯಾರಾಗುವುದಕ್ಕೆ ಎರಡೂ ಬೇಕಷ್ಟೇ. ಒಂದನ್ನು ತೆಗೆದಾಗ ಅನಾಹುತ, ಇನ್ನೊಂದನ್ನು ತೆಗೆದಾಗ ಏನೂ ಇಲ್ಲ ಎಂದರೆ, ಭ್ರೂಣದ ಮೊದಲ ದಿನಗಳಲ್ಲಿ ಮೈಕ್ರೋಆರ್‌ಎನ್‌ಎಗಳಿಗೆ ಕೆಲಸವೇ ಇಲ್ಲವೆಂದು ತಿಳಿಯಬೇಕೇ?

ಇದರ ಜೊತೆಗೆ, ತಂದೆಯ ವೀರ್ಯಾಣುವೂ ಪುಟ್ಟ ಆರ್‌ಎನ್‌ಎಗಳನ್ನು ತರುತ್ತದೆ ಎಂದು ಕೇಳಿದ್ದೇನೆ. ಅಷ್ಟು ಚಿಕ್ಕ ಕೋಶ ತಂದ ಅಷ್ಟು ಅಲ್ಪ ಆರ್‌ಎನ್‌ಎ ಭ್ರೂಣದ ಮೇಲೆ ಪ್ರಭಾವ ಬೀರಬಲ್ಲದೇ?

ಉತ್ತರ 4: ಬೆಳವಣಿಗೆಯ ಜೀವವಿಜ್ಞಾನದ ಸಂಶೋಧಕ, ಊರು ತೀರ್ಥಹಳ್ಳಿ, ಈಗ ಬೆಂಗಳೂರು

ನಿಮ್ಮ ಮೊದಲ ಸಂದೇಹದ ಬಹುಭಾಗಕ್ಕೆ ಹೌದು ಎಂದೇ ಉತ್ತರ. ಇಲಿಯ ಪಕ್ವ ಅಂಡಾಣುವಿನಲ್ಲಿ ಮೈಕ್ರೋಆರ್‌ಎನ್‌ಎಗಳು ಇದ್ದರೂ ಅವುಗಳ ಚಟುವಟಿಕೆ ಅದುಮಿಟ್ಟಂತಿರುತ್ತದೆ. ಡೈಸರ್ ಅಲ್ಲಿ ಮಾಡುವ ಮುಖ್ಯ ಕೆಲಸ ಬೇರೆ. ಅದು ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎಗಳನ್ನು ಕತ್ತರಿಸಿ ಅಂತರ್ಜಾತ ಎಸ್‌ಐಆರ್‌ಎನ್‌ಎ ಎಂಬ ಇನ್ನೊಂದು ಬಗೆಯ ಪುಟ್ಟ ಆರ್‌ಎನ್‌ಎಗಳನ್ನು ಕೊಡುತ್ತದೆ, ಇದಕ್ಕೆ ಡಿಜಿಸಿಆರ್8 ಬೇಡ. ಈ ಪುಟ್ಟ ಎಳೆಗಳು ಡಿಎನ್‌ಎಯಲ್ಲಿ ಜಾಗ ಬದಲಿಸುವ ಜಿಗಿಯುವ ಜೀನುಗಳನ್ನೂ ಅಂಡಾಣುವಿನ ಕೆಲವು ಸಂದೇಶಗಳನ್ನೂ ಹತೋಟಿಯಲ್ಲಿಡುತ್ತವೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಇಲಿಯ ಅಂಡಾಣುವಿನಲ್ಲಿರುವುದು ಸಾಮಾನ್ಯ ಡೈಸರ್ ಅಲ್ಲ, ಮುಂಭಾಗ ಮೊಟಕಾದ ವಿಶೇಷ ಡೈಸರ್. ಇಲಿ ಮತ್ತು ಹೆಗ್ಗಣಗಳ ಪೂರ್ವಜರಲ್ಲಿ ಒಂದು ಜಿಗಿಯುವ ಜೀನು ಡೈಸರ್ ಜೀನಿನ ನಡುವೆ ಬಂದು ಕುಳಿತದ್ದರಿಂದ ಈ ರೂಪ ಹುಟ್ಟಿತು ಎಂದು 2013ರಲ್ಲಿ ತಿಳಿಯಿತು. ಜೋಡಿ ಎಳೆಗಳನ್ನು ಕತ್ತರಿಸುವುದರಲ್ಲಿ ಅದು ಸಾಮಾನ್ಯ ಡೈಸರ್‌ಗಿಂತ ಚುರುಕು. ಹಸುವಿಗೂ ಮಾನವನಿಗೂ ಆ ರೂಪ ಇಲ್ಲ. ಒಂದು ಪ್ರಾಣಿಯ ಪಾಕ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂದು ಪಶುವೈದ್ಯರು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಇದೇ ಬಗೆಯ ಇನ್ನೊಂದು ಪಾಠ 2021ರಲ್ಲಿ ಬಂತು. ಪಿವಿ ಎಂಬ ಪ್ರೋಟೀನುಗಳ ಜೊತೆ ಕೆಲಸ ಮಾಡುವ, ಮೈಕ್ರೋಆರ್‌ಎನ್‌ಎಗಿಂತ ಸ್ವಲ್ಪ ಉದ್ದವಾದ ಪೈಆರ್‌ಎನ್‌ಎಗಳು ಗಂಡಿಲಿಯ ವೀರ್ಯೋತ್ಪಾದನೆಗೆ ಅನಿವಾರ್ಯ, ಆದರೆ ಹೆಣ್ಣಿಲಿಗೆ ಅವು ಇಲ್ಲದಿದ್ದರೂ ನಡೆಯುತ್ತದೆ. ಇದನ್ನು ನೋಡಿ ಸಸ್ತನಿಗಳ ಅಂಡಾಣುವಿಗೆ ಪೈಆರ್‌ಎನ್‌ಎ ಬೇಡವೆಂದು ಬಹಳ ಕಾಲ ನಂಬಲಾಗಿತ್ತು. ಹ್ಯಾಮ್‌ಸ್ಟರ್‌ಗಳಲ್ಲಿ ಅದೇ ಪ್ರಯೋಗ ಮಾಡಿದಾಗ ಪೈಆರ್‌ಎನ್‌ಎ ಇಲ್ಲದ ಅಂಡಾಣುಗಳಿಂದಾದ ಭ್ರೂಣಗಳು ಮೊದಲ ವಿಭಜನೆಗಳಲ್ಲಿಯೇ ನಿಂತುಹೋದವು. ಇಲಿಯ ವಂಶದಲ್ಲಿ ಪಿವಿ ಜೀನುಗಳಲ್ಲೊಂದು ಕಳೆದುಹೋಗಿದೆ, ಹ್ಯಾಮ್‌ಸ್ಟರ್‌ನಲ್ಲೂ ಹಸುವಿನಲ್ಲೂ ಮಾನವನಲ್ಲೂ ಅದು ಇದೆ. ಸಸ್ತನಿ ಭ್ರೂಣಶಾಸ್ತ್ರದ ಪಠ್ಯಗಳಲ್ಲಿ ಇಲಿಯನ್ನು ಎಲ್ಲಕ್ಕೂ ಮಾದರಿಯಾಗಿ ಇಡುವ ರೂಢಿಯನ್ನು ಈ ವಿಷಯದಲ್ಲಾದರೂ ಬಿಡಬೇಕೆಂದು ನನಗೆ ಅನ್ನಿಸುತ್ತದೆ.

ವೀರ್ಯಾಣುವಿನ ಪ್ರಶ್ನೆ. 2016ರ ಎರಡು ಅಧ್ಯಯನಗಳು, ಗಂಡಿಲಿಗೆ ಕೊಟ್ಟ ಆಹಾರ ಬದಲಾದಾಗ ಅದರ ವೀರ್ಯಾಣುವಿನಲ್ಲಿರುವ ಟಿಆರ್‌ಎನ್‌ಎ (ಪ್ರೋಟೀನು ಕಟ್ಟುವಾಗ ಅಮೈನೋ ಆಮ್ಲಗಳನ್ನು ಹೊತ್ತು ತರುವ ಆರ್‌ಎನ್‌ಎ) ತುಣುಕುಗಳ ಪ್ರಮಾಣ ಬದಲಾಗುತ್ತದೆ ಎಂದು ತೋರಿಸಿದವು. ಒಂದರಲ್ಲಿ ಪ್ರೋಟೀನ್ ಕಡಿಮೆಯಿರುವ ಆಹಾರ, ಇನ್ನೊಂದರಲ್ಲಿ ಕೊಬ್ಬು ಹೆಚ್ಚಿರುವ ಆಹಾರ. ವೃಷಣದಿಂದ ಹೊರಟ ವೀರ್ಯಾಣು ಎಪಿಡಿಡಿಮಿಸ್ ನಾಳದಲ್ಲಿ ಸಾಗುವಾಗ ಈ ತುಣುಕುಗಳಲ್ಲಿ ಹಲವನ್ನು ಅಲ್ಲಿಂದಲೇ ಪಡೆಯುತ್ತದೆ. ಗ್ಲೈಸೀನ್ ಟಿಆರ್‌ಎನ್‌ಎಯ ಒಂದು ತುಣುಕು, ಎಂಇಆರ್‌ವಿಎಲ್ ಎಂಬ ಹಳೆಯ ವೈರಸ್ ಮೂಲದ ಡಿಎನ್‌ಎಯ ಹತೋಟಿಯಲ್ಲಿರುವ ಜೀನುಗಳನ್ನು ಕಾಂಡಕೋಶಗಳಲ್ಲೂ ಮೊದಲ ಹಂತದ ಭ್ರೂಣದಲ್ಲೂ ತಗ್ಗಿಸುತ್ತದೆ. ಪ್ರಮಾಣ ಅಲ್ಪವೇ ಆದರೂ, ಭ್ರೂಣ ಎರಡೇ ಕೋಶಗಳಾಗಿರುವಾಗ ಎಚ್ಚರಗೊಳ್ಳುವ ಜೀನುಗಳು ಇವೇ ಎಂಬುದನ್ನು ಗಮನಿಸಿ. ಅಲ್ಲಿನ ಸಣ್ಣ ವ್ಯತ್ಯಾಸ ಮುಂದೆ ಎಷ್ಟು ದೂರ ಸಾಗುತ್ತದೆ ಎಂಬುದರ ಮೇಲೆ ಈಗಲೂ ವಾದ ನಡೆಯುತ್ತಿದೆ. ತಂದೆಯ ಆಹಾರದಿಂದ ಮಗುವಿನ ಆರೋಗ್ಯ ತೀರ್ಮಾನವಾಗುತ್ತದೆ ಎಂಬ ಜನಪ್ರಿಯ ಬರಹಗಳ ಮಟ್ಟಕ್ಕೆ ಈ ಸಾಕ್ಷ್ಯವನ್ನು ಎಳೆಯಬಾರದು.

ಅದೇ ಎಂಇಆರ್‌ವಿಎಲ್ ಇನ್ನೊಂದು ಕಡೆಯೂ ಕಾಣಿಸಿಕೊಳ್ಳುತ್ತದೆ. ಭ್ರೂಣ ಕಾಂಡಕೋಶದಿಂದ ದೇಹದ ಎಲ್ಲ ಅಂಗಾಂಶಗಳೂ ಬರುತ್ತವೆ, ಆದರೆ ಸಾಮಾನ್ಯವಾಗಿ ಮಾಸು ಬರುವುದಿಲ್ಲ. 2017ರಲ್ಲಿ ಮಿರ್-34ಎ ಎಂಬ ಒಂದೇ ಮೈಕ್ರೋಆರ್‌ಎನ್‌ಎಯನ್ನು ತೆಗೆದ ಇಲಿಯ ಕಾಂಡಕೋಶಗಳಲ್ಲಿ ಒಂದು ಭಾಗ ಎರಡೂ ಕಡೆಗೆ ಹೋಗಬಲ್ಲವಾದವು, ಅವುಗಳಲ್ಲಿ ಎಂಇಆರ್‌ವಿಎಲ್ ಎಚ್ಚರಗೊಂಡಿತ್ತು. ಮಿರ್-34ಎ ತಡೆಯುತ್ತಿದ್ದ ಗಾಟಾ2 ಎಂಬ ಪ್ರೋಟೀನು ಇದಕ್ಕೆ ಕಾರಣ. ಒಂದು ಪುಟ್ಟ ಎಳೆ ಕೋಶದ ಸಾಧ್ಯತೆಗಳಿಗೆ ಗಡಿ ಹಾಕಿತ್ತು ಎಂಬುದು ಇದರಿಂದ ತಿಳಿಯಿತು.

ಪ್ರತಿಕ್ರಿಯೆ: ಜೀವಶಾಸ್ತ್ರ ಉಪನ್ಯಾಸಕಿ, ಸಾಗರ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎರಡು ಕುಟುಂಬಗಳನ್ನು ಎದುರುಬದುರು ಇಟ್ಟು, ಆರ್‌ಬಿಎಲ್2ರ ಸರಪಳಿಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ವಿವರಿಸಿದರೆ ಮಕ್ಕಳಿಗೆ ಹಿಡಿತ ಸಿಗುತ್ತದೆ ಎಂದು ಈಗ ಧೈರ್ಯ ಬಂದಿದೆ. ವೇಳಾಪಟ್ಟಿಯ ಹೋಲಿಕೆಯನ್ನು ಇಲಿ, ಹಸು, ಮಾನವ ಎಂದು ಮೂರು ಸಾಲಿನಲ್ಲಿ ಬರೆಸುತ್ತೇನೆ. ಇನ್ನೊಂದೇ ಕೋರಿಕೆ: ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಅಭ್ಯಾಸವೊಂದನ್ನು ಸೂಚಿಸುವಿರಾ? ನಮ್ಮಲ್ಲಿ ಕೋಶ ಬೆಳೆಸುವ ಸೌಲಭ್ಯವಿಲ್ಲ, ಮಳೆಗಾಲದಲ್ಲಿ ವಿದ್ಯುತ್ತನ್ನೂ ಅಂತರ್ಜಾಲವನ್ನೂ ನೆಚ್ಚಿಕೊಳ್ಳಲಾಗದು, ಆದ್ದರಿಂದ ಕಾಗದದ ಮೇಲೆ ಆಗುವಂಥದ್ದಾದರೆ ಒಳ್ಳೆಯದು.

ಉತ್ತರ 5: ಬೆಳವಣಿಗೆಯ ಜೀವವಿಜ್ಞಾನದ ಸಂಶೋಧಕ, ಊರು ತೀರ್ಥಹಳ್ಳಿ, ಈಗ ಬೆಂಗಳೂರು

ಕಾಗದದ ಮೇಲೆ ಚೆನ್ನಾಗಿಯೇ ಆಗುತ್ತದೆ ಮೇಡಂ. ಮಿರ್-294 ಮತ್ತು ಮಿರ್-302 ಎರಡರ ಬೀಜಭಾಗವೂ ಎ-ಎ-ಜಿ-ಯು-ಜಿ-ಸಿ-ಯು, ಲೆಟ್-7ರದು ಜಿ-ಎ-ಜಿ-ಜಿ-ಯು-ಎ-ಜಿ. ಎರಡು ಎಳೆಗಳು ವಿರುದ್ಧ ದಿಕ್ಕಿನಲ್ಲಿ ಜೋಡಿಯಾಗುವುದರಿಂದ ಸಂದೇಶದಲ್ಲಿ ಹುಡುಕಬೇಕಾದ್ದು ಮೊದಲನೆಯದಕ್ಕೆ ಎ-ಜಿ-ಸಿ-ಎ-ಸಿ-ಯು-ಯು, ಎರಡನೆಯದಕ್ಕೆ ಸಿ-ಯು-ಎ-ಸಿ-ಸಿ-ಯು-ಸಿ. ಇದನ್ನು ನೀವು ಹೇಳಿಕೊಡದೆ ವಿದ್ಯಾರ್ಥಿಗಳೇ ಬೀಜಭಾಗದಿಂದ ಬಿಡಿಸಿ ಬರೆಯಲಿ, ದಿಕ್ಕು ತಪ್ಪುವುದು ಇಲ್ಲಿಯೇ. ಅಂತರ್ಜಾಲ ಇರುವ ದಿನ ಇಲಿಯ ಪಿ21, ಲ್ಯಾಟ್ಸ್2, ಲಿನ್28 ಸಂದೇಶಗಳ ಕೊನೆಯ ಭಾಗವನ್ನು, ಎಂದರೆ ಪ್ರೋಟೀನಾಗಿ ಓದದೆ ಬಿಡುವ ಬಾಲವನ್ನು, ಸಾರ್ವಜನಿಕ ದತ್ತಾಂಶ ಸಂಗ್ರಹದಿಂದ ಇಳಿಸಿ ಮುದ್ರಿಸಿಟ್ಟುಕೊಳ್ಳಿ. ಇಬ್ಬಿಬ್ಬರಿಗೆ ಒಂದೊಂದು ಹಾಳೆ ಕೊಟ್ಟು, ಎರಡೂ ಗುರುತುಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆಯಲು ಹೇಳಿ. ಕುಟುಂಬ ಎಂದರೇನು, ಒಂದು ಸಂದೇಶದಲ್ಲಿ ಹಲವು ಗುರಿಗಳು ಹೇಗಿರುತ್ತವೆ ಎಂಬುದು ಅವರ ಕಣ್ಣಿಗೇ ಬೀಳುತ್ತದೆ. ಅಕ್ಷರ ಹೊಂದಿದ ಮಾತ್ರಕ್ಕೆ ಅದು ನಿಜವಾದ ಗುರಿ ಎಂದಲ್ಲ, ಏಳು ಅಕ್ಷರಗಳ ಸಾಲು ಆಕಸ್ಮಿಕವಾಗಿಯೂ ಸುಮಾರು 16,000 ಅಕ್ಷರಗಳಿಗೆ ಒಮ್ಮೆ ಬರಬಹುದು ಎಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಅನಂತರ ಮೈಕ್ರೋಆರ್‌ಎನ್‌ಎ ಗುರಿಗಳನ್ನು ಅಂದಾಜಿಸಿ ಕೊಡುವ ಟಾರ್ಗೆಟ್‌ಸ್ಕ್ಯಾನ್ ಜಾಲತಾಣದ ಪಟ್ಟಿಯೊಂದಿಗೆ ತಾಳೆ ನೋಡಬಹುದು. ದತ್ತಾಂಶ ಸಂಗ್ರಹಗಳಲ್ಲಿ ಯು ಇರಬೇಕಾದ ಕಡೆ ಟಿ ಎಂದೇ ಬರೆದಿರುತ್ತಾರೆ, ಮುದ್ರಿಸುವ ಮುನ್ನ ಅದನ್ನು ಬದಲಿಸಿಕೊಳ್ಳಿ.